ಓದಿ ಕೇಳಿಸದೆ ರುಜು ಹಾಕುವುದಿಲ್ಲ

ಫೆಬ್ರವರಿ ೩

ಪ್ರೀತಿಯ ತಂಗಿಗೆ,

ಭಗವಂತನ ದಯೆಯಿಂದ ನಾನೂ ನಿನ್ನ ಅತ್ತಿಗೆಯೂ ನಡೆದಾಡಿಕೊಂಡು, ಒಬ್ಬರನ್ನೊಬ್ಬರು ಗದರಿಕೊಂಡು, ಸೌಖ್ಯವಾಗಿದ್ದೇವೆ. ಫೋನಿನಲ್ಲಿ ನಮ್ಮಿಬ್ಬರ ಮಾತು ಮೂರನೆಯ ವಾಕ್ಯಕ್ಕೇ ವಾದವಾಗುವುದರಿಂದ ಮುಖ್ಯವಾದುದನ್ನು ಕಾಗದದಲ್ಲಿಯೇ ಬರೆಯತಕ್ಕದ್ದೆಂದು ನಾವು ಮಾಡಿಕೊಂಡ ನಿಯಮದಂತೆ ಇದನ್ನು ಬರೆಯುತ್ತಿದ್ದೇನೆ.

ನೀನು ದುಡಿಯುವ ಧ್ವನಿಯಂತ್ರಗಳ ಕಂಪನಿಯನ್ನು ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಮತ್ತೊಂದು ಕಂಪನಿ ಕೊಂಡುಕೊಂಡ ಸುದ್ದಿಯನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿದೆ. ಓದಿದಾಗ ನನಗೆ ನೆನಪಾದದ್ದು ಕಂಪನಿಯಲ್ಲ, ಅದರ ಆಸರೆಯಲ್ಲಿ ಬೆಳೆದ, ಧ್ವನಿ ಮುದ್ರಿಸಿ ತಿದ್ದುವ ನಿನ್ನ ತಂತ್ರಾಂಶ. ನೀನೂ ನಿನ್ನ ಸ್ನೇಹಿತರೂ ಬರೆದು, ಯಾರು ಬೇಕಾದರೂ ಬಳಸಲಿ, ಬೇಕಾದವರು ಒಳಗನ್ನೂ ಬಿಚ್ಚಿ ನೋಡಿ ತಿದ್ದಿಕೊಳ್ಳಲಿ ಎಂದು ಲೋಕಕ್ಕೆ ಬಿಟ್ಟುಕೊಟ್ಟ ಅದನ್ನೇ ನಂಬಿಕೊಂಡು ಈ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ನಾನು ಕಣ್ಣು ಕಾಣದವರಿಗಾಗಿ ಪುರಾಣಗಳನ್ನು ಓದಿ ಧ್ವನಿಮುದ್ರಿಸುತ್ತ ಬಂದಿದ್ದೇನೆ. ಬಾಗಿಲಿಗೆ ಹಳೆಯ ಕಂಬಳಿ, ಕಿಟಕಿಗೆ ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳು, ಅಲುಗಾಡಿದರೆ ನರಳುವ ಒಂದು ಕುರ್ಚಿ. ಇಷ್ಟೇ ನಮ್ಮ ಧ್ವನಿಮಂದಿರ. ನಾನು ಓದುತ್ತೇನೆ, ಊರಿಗೆಲ್ಲ ‘ಕಿವಿ ಮೇಷ್ಟ್ರು’ ಆಗಿರುವ, ದೃಷ್ಟಿಯಿಲ್ಲದ ನಮ್ಮ ನಿವೃತ್ತ ಗಣಿತದ ಮೇಷ್ಟ್ರು ಕೇಳಿ, ನನ್ನ ಕೆಮ್ಮನ್ನೂ ತಡವರಿಕೆಯನ್ನೂ ಕತ್ತರಿಸಿ ತೆಗೆಯುತ್ತಾರೆ. ನಿನ್ನ ಮಾತಿಗೆ ಕಟ್ಟುಬಿದ್ದು ನಾನು ಆ ತಂತ್ರಾಂಶದ ಗುಂಡಿಗಳ ಹೆಸರುಗಳನ್ನೆಲ್ಲ ಕನ್ನಡಕ್ಕೆ ತಂದ ಮೇಲೆ, ಗಣಕಯಂತ್ರವೇ ಆ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತದೆ, ಅವರು ಕೇಳಿಕೊಂಡು ಒತ್ತುತ್ತಾರೆ.

ಆದ್ದರಿಂದ ಸುತ್ತುಬಳಸಿಲ್ಲದ ಒಂದೇ ಪ್ರಶ್ನೆ: ಹೊಸ ಯಜಮಾನರು ಅದಕ್ಕೆ ಬೀಗ ಹಾಕುತ್ತಾರೆಯೆ? ದೊಡ್ಡ ಪುರಾಣದ ಕೊನೆಯ ಕಾಂಡ ಬಾಕಿಯಿದೆ. ಕೇಳುಗರು ಕಾಯುತ್ತಿದ್ದಾರೆ.

ನಿನ್ನ ಅಣ್ಣ


ಫೆಬ್ರವರಿ ೧೬

ಅಣ್ಣನಿಗೆ ನಮಸ್ಕಾರ.

ನಿನ್ನ ಕಾಗದ ಬಂತು. ಇಲ್ಲಿ ಗೇಟಿನ ಮೇಲೆ ಹೊಸ ಹಲಗೆ ಬಂದಿದೆ. ನಮ್ಮ ಕೊರಳಿಗೆ ಹೊಸ ಗುರುತಿನ ಚೀಟಿ, ಕೈಗೆ ಹೊಸ ಲೋಟ. ಕಾಫಿ ಮಾತ್ರ ಹಳೆಯದೇ, ಅದೇ ಕೆಟ್ಟ ಕಾಫಿ. ಪರೀಕ್ಷಾ ಕೋಣೆಯಲ್ಲಿ ಹತ್ತಾರು ವರ್ಷಗಳಿಂದ ಬಿದ್ದಿದ್ದ ಮುರುಕು ಸ್ಪೀಕರುಗಳನ್ನು ಯಾರೋ ಒಂದೇ ದಿನದಲ್ಲಿ ಸಾಗಿಸಿಬಿಟ್ಟರು. ಅವುಗಳ ಮೇಲೆ ಮಧ್ಯಾಹ್ನದ ಡಬ್ಬಿ ಇಟ್ಟುಕೊಂಡು ಉಣ್ಣುತ್ತಿದ್ದವರು ನಾವು. ಈಗ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಿದ್ದೇವೆ.

ಅತ್ತಿಗೆಯ ಮಂಡಿನೋವು ಹೇಗಿದೆ? ಬಿಸಿ ಶಾಖ ಕೊಡಲು ಹೇಳು. ಕಿವಿ ಮೇಷ್ಟ್ರಿಗೆ ಹೊಸ ಹೆಡ್‌ಫೋನ್ ಕಳಿಸಿದ್ದೇನೆ. ಹಳೆಯದರ ಮೆತ್ತೆ ಉದುರುತ್ತಿದೆಯೆಂದು ನೀನು ಹೋದ ವರ್ಷ ಬರೆದಿದ್ದೆ.

ನೀನು ಓದುವುದನ್ನು ನಿಲ್ಲಿಸಬೇಡ.

ತಂಗಿ


ಮಾರ್ಚ್ ೧

ಶ್ರೀಮತಿ ಮುಖ್ಯ ತಂತ್ರಜ್ಞೆಯವರಿಗೆ,

ತಮ್ಮ ಪತ್ರದಿಂದ ಲೋಟದ ಸಮಾಚಾರ ತಿಳಿದು ಧನ್ಯನಾದೆ. ಬೀಗದ ಸಮಾಚಾರವನ್ನು ತಾವು ಬರೆಯದಿದ್ದರೂ ತಮ್ಮ ಕಂಪನಿಯೇ ಬರೆದಿದೆ. ಈ ತಂತ್ರಾಂಶಕ್ಕಾಗಿ ನಾನು ಮಾಡಿದ ಭಾಷಾಂತರದ ಮೇಲಿನ ಹಕ್ಕನ್ನು ಕಂಪನಿಗೆ ಒಪ್ಪಿಸಿಕೊಡುವ ಒಂದು ಕರಾರುಪತ್ರ ನೋಂದಾಯಿತ ಅಂಚೆಯಲ್ಲಿ ಬಂದಿದೆ. ಹಿಂದೆ ಯಾರಿಂದಲೂ ಇಂಥ ಬರಹ ಪಡೆದಿರಲಿಲ್ಲವಾದ್ದರಿಂದ, ಒಂದು ಸಾಲು ಕೊಟ್ಟವನಿಂದ ಹಿಡಿದು ಪ್ರತಿಯೊಬ್ಬನ ಸಮ್ಮತಿಯೂ ಈಗ ಬೇಕಂತೆ. ಕೆಳಗೆ, ತಂತ್ರಾಂಶದ ಹಿರಿಯರ ಪರವಾಗಿ, ಅಚ್ಚಾಗಿರುವುದು ತಮ್ಮ ಹೆಸರು.

ಕಿವಿ ಮೇಷ್ಟ್ರು ಕೇಳಿದರು: ‘ಏನ್ ಸ್ವಾಮಿ, ತಂಗಿ ಮದುವೆ ಮಾಡಿಕೊಟ್ಟಾಗ್ಲೂ ಇಷ್ಟು ದಪ್ಪ ಕಾಗದ ಬಂದಿರ್ಲಿಲ್ವಲ್ಲ?’ ಅವರು ನಕ್ಕರು. ನನಗೆ ನಗೆ ಬರಲಿಲ್ಲ. ಲೋಕಕ್ಕೆಂದು ಕೊಟ್ಟದ್ದನ್ನು ಲೋಕದಿಂದ ಕೇಳದೆ ಮಾರುವವರ ಸಾಲಿನಲ್ಲಿ ನಮ್ಮ ಮನೆಯ ಹೆಣ್ಣುಮಗಳನ್ನು ಕಾಣಬೇಕಾದೀತೆಂದು ನಾನು ಎಣಿಸಿರಲಿಲ್ಲ.

ನನ್ನ ಪದ್ಧತಿ ತಮಗೆ ಗೊತ್ತಿದೆ. ಓದುವವನಾಗಿ ನಾನು ಕಲಿತದ್ದು ಒಂದೇ: ಗಟ್ಟಿಯಾಗಿ ಓದಿ ಇನ್ನೊಬ್ಬರಿಗೆ ಕೇಳಿಸದೆ ಯಾವ ಬರಹವನ್ನೂ ಒಪ್ಪುವುದಿಲ್ಲ, ಯಾವುದರ ಮೇಲೂ ರುಜು ಹಾಕುವುದಿಲ್ಲ. ಕರಾರು ಮೇಜಿನ ಮೇಲಿದೆ. ಸಮಯ ಬಂದಾಗ ಓದುತ್ತೇನೆ.

ಇಲ್ಲಿ ಎಲ್ಲವೂ ಯಥಾಪ್ರಕಾರ ನಡೆದಿದೆ.

ತಮ್ಮ ವಿಧೇಯ


ಮಾರ್ಚ್ ೧೨

ಅಣ್ಣ,

ನೀನು ನನಗೆ ಬೈದಿದ್ದೀಯೆ, ಕಿವಿ ಹಿಂಡಿದ್ದೀಯೆ, ಒಮ್ಮೆ ಶಾಲೆಯಿಂದ ಮನೆಯವರೆಗೂ ಮಾತಾಡದೆ ನಡೆಸಿಕೊಂಡು ಬಂದಿದ್ದೀಯೆ. ‘ತಾವು’ ಎಂದು ಕರೆದಿರಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡು ಆ ಕಾಗದವನ್ನು ಓದಿದೆ. ಯಜಮಾನರು ಬಂದು ‘ಯಾಕೆ, ಊರಲ್ಲಿ ಯಾರಿಗಾದ್ರೂ ಹುಷಾರಿಲ್ವಾ?’ ಅಂದರು. ‘ಅಣ್ಣನಿಗೆ ನನ್ನ ಮೇಲೆ ಮರ್ಯಾದೆ ಬಂದುಬಿಟ್ಟಿದೆ’ ಅಂದೆ.

ಕರಾರಿನ ವಿಷಯದಲ್ಲಿ ರುಜು ಹಾಕು ಎಂದೂ ಹೇಳಲಾರೆ, ಬೇಡ ಎಂದೂ ಹೇಳಲಾರೆ. ಈ ವಿಷಯ ಮುಗಿಯುವವರೆಗೆ ಹೊರಗೆ ಬಾಯಿ ಬಿಡುವುದಿಲ್ಲವೆಂದು ನಮ್ಮೆಲ್ಲರಿಂದ ಮಾತು ತೆಗೆದುಕೊಂಡಿದ್ದಾರೆ. ಕೊಟ್ಟ ಮಾತನ್ನು ಅರ್ಧ ಉಳಿಸಿಕೊಳ್ಳುವುದನ್ನು ನೀನು ನನಗೆ ಕಲಿಸಿಲ್ಲ.

ಓದು. ನಿನ್ನ ಪದ್ಧತಿಯಂತೆಯೇ ಓದು.

ತಂಗಿ


ಏಪ್ರಿಲ್ ೨

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದ.

‘ತಾವು’ ಎಂಬುದನ್ನು ಹಿಂತೆಗೆದುಕೊಂಡಿದ್ದೇನೆ. ಆ ಕಾಗದದ ಪ್ರತಿಯನ್ನು ನಿನ್ನ ಅತ್ತಿಗೆಗೆ ಓದಿ ಕೇಳಿಸಿದ್ದೆನೆಂದರೆ, ಮುಂದಿನದನ್ನು ನೀನೇ ಊಹಿಸಿಕೊಳ್ಳಬಹುದು. ‘ಆ ಹುಡುಗಿ ಎಷ್ಟು ಇಕ್ಕಟ್ಟಲ್ಲಿದಾಳೋ ಏನೋ! ನೀವೊಬ್ರು ರುಜು ಹಾಕ್ಲಿಲ್ಲ ಅಂತ ಅವಳ ಕೆಲಸ ಹೋದ್ರೆ? ನಿಮ್ಮ ಪುರಾಣದ ರಾಜರು ಬಂದು ಅವಳ ಮನೆ ನಡೆಸ್ತಾರಾ?’ ಎಂದಳು. ಎರಡು ದಿನ ಮಜ್ಜಿಗೆ ಮಾತ್ರ ಬಡಿಸಿದಳು, ಮಾತು ಬಡಿಸಲಿಲ್ಲ.

ನಿನ್ನ ಹೆಸರು ಕರಾರಿನ ಕೆಳಗಿರುವಾಗ ನಾನು ಒಲ್ಲೆನೆಂದರೆ ಅದರ ಭಾರ ಬೀಳುವುದು ನಿನ್ನ ಹೆಗಲ ಮೇಲೆ ಎಂಬುದು ನನಗೂ ಹೊಳೆಯಿತು. ಬೆಳಗಿನ ಪ್ರಾರ್ಥನೆಯಲ್ಲಿ ಕುಳಿತು ನಿಶ್ಚಯಿಸಿದೆ: ಪದಗಳು ಹೋದರೆ ಹೋಗಲಿ, ತಂಗಿಗೆ ತೊಂದರೆಯಾಗುವುದು ಬೇಡ. ರುಜು ಹಾಕಲೆಂದೇ ಪೆನ್ನಿಗೆ ಶಾಯಿ ತುಂಬಿಸಿಕೊಂಡು ಹೋದೆ. ಪದ್ಧತಿ ಬಿಡಬಾರದಷ್ಟೆ, ಕಂಬಳಿ ಎಳೆದು, ಮೈಕಿನ ಮುಂದೆ ಕುಳಿತು, ಆ ಕರಾರನ್ನು ಮೊದಲಿನಿಂದ ಓದತೊಡಗಿದೆ. ಕಿವಿ ಮೇಷ್ಟ್ರು ನೀನು ಕಳಿಸಿದ ಹೆಡ್‌ಫೋನ್ ಹಾಕಿಕೊಂಡು ಎದುರಿಗೆ ಕುಳಿತರು.

ಕರಾರಿನ ಗದ್ಯವು ಪರಮ ನೀರಸವಾದದ್ದು. ನಾಲ್ಕನೆಯ ಪುಟದವರೆಗೆ ಅವರು ತಲೆಯಾಡಿಸುತ್ತಲೇ ಇದ್ದರು. ಆಮೇಲೆ ಕೈ ಎತ್ತಿದರು.

‘ನಿಲ್ಸಿ. ಆ ಸಾಲು ಇನ್ನೊಂದ್ಸಲ.’

ಓದಿದೆ: ‘ಕಂಪನಿಯು ಈ ಕೃತಿಯನ್ನು ತನಗೆ ಇಷ್ಟಬಂದ ಷರತ್ತಿನ ಮೇಲೆ, ತೆರೆದಾಗಲಿ ಮುಚ್ಚಿಯಾಗಲಿ, ಹಂಚಬಹುದು, ಈ ಅನುಮತಿಯನ್ನು ಎಂದಿಗೂ ಹಿಂತೆಗೆದುಕೊಳ್ಳಲಾಗದು.’

‘“ಮುಚ್ಚಿಯಾಗಲಿ” ಅನ್ನೋ ಕಡೆ ನಿಮ್ಮ ಸ್ವರ ಇಳೀತು. ಎರಡು ಸಲವೂ. ಪುರಾಣದಲ್ಲಿ ಮೋಸದ ವರ ಕೇಳೋ ಜಾಗ ಬಂದಾಗ ಹೀಗೇ ಇಳಿಸ್ತೀರಿ ನೀವು.’

‘ನಾನು ಇಳಿಸಲಿಲ್ಲ ಮೇಷ್ಟ್ರೇ.’

‘ಗಂಟಲು ಇಳಿಸ್ತು. ಗಂಟಲಿಗೆ ಗೊತ್ತಾಗಿದೆ, ಕೈಗಿನ್ನೂ ಗೊತ್ತಾಗಿಲ್ಲ.’

ಮೇಷ್ಟ್ರು ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡರು. ಆಮೇಲೆ ಅವರೇ ಹೇಳಿದರು: ‘ಆ ಯಂತ್ರ ಕನ್ನಡದಲ್ಲಿ ಮಾತಾಡಲು ಶುರುಮಾಡೋ ತನಕ ನಾನು ಕೇಳೋವ್ನು ಮಾತ್ರ ಆಗಿದ್ದೆ. ಈಗ ಕತ್ತರಿಸ್ತೀನಿ, ಜೋಡಿಸ್ತೀನಿ. ನಾಳೆ ಅದು ಬಾಯಿ ಮುಚ್ಕೊಂಡ್ರೆ ಮತ್ತೆ ಮೂಲೆ ಸೇರ್ತೀನಿ. ಆದ್ರೆ ನಿಮ್ಮ ತಂಗಿ ಅನ್ನ ಕಿತ್ಕೊಂಡು ನನಗೆ ಕೆಲಸ ಬೇಡ. ಹೇಳೋದು ಹೇಳಿದೀನಿ. ತೂಗೋರು ನೀವು.’

ನಾನು ತೂಗಿದೆ, ತಂಗಿ. ಪೆನ್ನಿನ ಮುಚ್ಚಳ ಹಾಕಿದೆ. ಒಲ್ಲೆನೆಂದು ನನಗೆ ಬರುವ ಗದ್ಯದಲ್ಲಿಯೇ ನಿನ್ನ ಕಂಪನಿಗೆ ಉತ್ತರ ಬರೆದು ಅಂಚೆಗೆ ಹಾಕಿ ಬಂದೆ. ಇದರಿಂದ ನಿನಗೆ ಕೇಡಾದರೆ, ಅದನ್ನು ಮಾಡಿದವನು ನಾನೇ; ಬೇರೆಯವರನ್ನು ದೂರಬೇಡ. ಈ ಮನೆಯಲ್ಲಿ ನಿನ್ನ ಕೋಣೆ ಹಾಗೆಯೇ ಇದೆ ಎಂದು ಅತ್ತಿಗೆ ಬರೆಯಹೇಳಿದಳು.

ಅಣ್ಣ


ಏಪ್ರಿಲ್ ೨೩

ಪ್ರೀತಿಯ ತಂಗಿಗೆ,

ನಿನ್ನ ಉತ್ತರ ಬರಲಿಲ್ಲ. ಅಂಚೆಯವರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಯಲ್ಲಿ ಸೈಕಲ್ ತುಳಿಯುತ್ತಾರೆ. ನಿಯಮ ಮುರಿದು ಅತ್ತಿಗೆ ಫೋನು ಮಾಡಿದಳಂತೆ. ‘ಚೆನ್ನಾಗಿದೀನಿ, ಮೀಟಿಂಗಲ್ಲಿದೀನಿ’ ಎಂದೆಯಂತೆ. ಚೆನ್ನಾಗಿರುವವರು ಅಷ್ಟು ಬೇಗ ಫೋನು ಇಡುವುದಿಲ್ಲ.

ಕೆಲಸ ಹೋಗಿದ್ದರೆ ಹೋಗಿದೆಯೆಂದು ಒಂದು ಸಾಲು ಬರೆ. ದೇವರ ಮುಂದೆ ಏನನ್ನು ಕೇಳಿಕೊಳ್ಳಬೇಕೆಂಬುದಾದರೂ ನನಗೆ ತಿಳಿಯಲಿ.

ಅಣ್ಣ


ಮೇ ೬

ಅಣ್ಣಾ,

ಮುಗಿಯಿತು! ಇವತ್ತು ಬೆಳಗ್ಗೆ ಕಂಪನಿಯವರು ತಮ್ಮ ತೀರ್ಮಾನವನ್ನು ಎಲ್ಲರಿಗೂ ತಿಳಿಯುವ ಹಾಗೆ ಪ್ರಕಟಿಸಿದರು. ನನ್ನ ಬಾಯಿಯ ಹೊಲಿಗೆ ಬಿಚ್ಚಿತು. ಮೊದಲು ನಿನಗೇ ಬರೆಯುತ್ತಿದ್ದೇನೆ. ತಂತ್ರಾಂಶ ಹೇಗಿತ್ತೋ ಹಾಗೆಯೇ ಇರುತ್ತದೆ, ಅದೇ ಪರವಾನಗಿ, ಅದೇ ತೆರೆದ ಬಾಗಿಲು. ಕರಾರನ್ನು ಹಿಂತೆಗೆದುಕೊಂಡಿದ್ದಾರೆ. ರುಜು ಹಾಕಿದ್ದವರಿಗೂ ಅವರವರ ಹಕ್ಕು ಮರಳಿ ಹೋಗುತ್ತದೆ. ಮತ್ತೆ ನನ್ನ ಕೆಲಸ ಹೋಗಿಲ್ಲ. ಅತ್ತಿಗೆಗೆ ಇದನ್ನು ಮೊದಲು ಓದು.

ಈಗ ಬೈಸಿಕೊಂಡದ್ದಕ್ಕೆಲ್ಲ ಲೆಕ್ಕ ಒಪ್ಪಿಸುತ್ತೇನೆ. ಆ ಕರಾರಿನ ಕೆಳಗೆ ನನ್ನ ಹೆಸರನ್ನು ಹಾಕುವ ಮೊದಲು ಯಾರೂ ನನ್ನನ್ನು ಕೇಳಿರಲಿಲ್ಲ. ನನಗೂ ಅಂಥದೇ ಒಂದು ಪ್ರತಿ ಬಂದಿತ್ತು; ನಾನು ಫೆಬ್ರವರಿಯಲ್ಲೇ ಒಲ್ಲೆ ಎಂದಿದ್ದೆ. ಅಂದರೆ ನೀನು ನನ್ನನ್ನು ‘ತಾವು’ ಎನ್ನುತ್ತಿದ್ದಾಗ ನನ್ನ ಕುರ್ಚಿಯನ್ನು ಮೆಟ್ಟಿಲ ಪಕ್ಕದ ಸಣ್ಣ ಕೋಣೆಗೆ ಸಾಗಿಸಿಯಾಗಿತ್ತು. ಅದನ್ನು ಬರೆದರೆ ನೀನು ನನಗಾಗಿ ಒಲ್ಲೆ ಎನ್ನುತ್ತೀಯೆ, ಬರೆಯದಿದ್ದರೆ ನನಗಾಗಿ ಹೂಂ ಎನ್ನುತ್ತೀಯೆ. ಎರಡೂ ಬೇಡವಾಗಿತ್ತು. ನೀನು ಅದನ್ನು ಗಟ್ಟಿಯಾಗಿ ಓದಿಯೇ ತೀರುತ್ತೀಯೆ ಎಂಬುದೊಂದೇ ನನ್ನ ಧೈರ್ಯ. ಏಪ್ರಿಲಿನ ಕಾಗದದಲ್ಲಿ ‘ರುಜು ಹಾಕಲೆಂದೇ ಶಾಯಿ ತುಂಬಿಸಿಕೊಂಡು ಹೋದೆ’ ಎಂಬಲ್ಲಿಗೆ ಬಂದಾಗ ಮುಂದಿನ ಪುಟ ತಿರುಗಿಸಲು ಯಜಮಾನರಿಗೆ ಕೊಟ್ಟೆ.

ಒಲ್ಲೆ ಎಂದವರು ನೀನೊಬ್ಬನೇ ಅಲ್ಲ. ಗುಂಡಿಗಳ ಚಿತ್ರ ಬರೆದವನೊಬ್ಬ ಯಾವುದೋ ದ್ವೀಪದಿಂದ ಒಲ್ಲೆ ಎಂದ. ಗದ್ದಲ ತೆಗೆಯುವ ಭಾಗವನ್ನು ನನ್ನ ಜೊತೆ ಕುಳಿತು ಬರೆದ ಗೆಳತಿ ಎರಡೇ ಪದದಲ್ಲಿ ಉತ್ತರಿಸಿದಳು; ಅವು ಇಲ್ಲಿ ಬರೆಯುವಂಥವಲ್ಲ. ಆದರೆ ಅಷ್ಟೂ ಉತ್ತರಗಳಲ್ಲಿ ಕಂಪನಿಯ ವಕೀಲರಿಗೆ ಅರ್ಥವಾಗದೆ ಉಳಿದದ್ದು ನಿನ್ನದೊಂದೇ. ಕನ್ನಡ ಬರುವವಳು ನಾನೊಬ್ಬಳೇ ಆದ್ದರಿಂದ ಸಭೆಗೆ ಕರೆದರು. ಹೊಸ ಮುಖ್ಯಸ್ಥೆ ನಿನ್ನ ಕಾಗದವನ್ನು ಎತ್ತಿ ಹಿಡಿದು, ‘ಇದೇನು, ಶಾಪವೇ?’ ಎಂದು ಕೇಳಿದರು.

‘ಅಲ್ಲ ಮೇಡಂ, ಆಶೀರ್ವಾದದಿಂದ ಶುರುವಾಗುತ್ತೆ’ ಅಂದೆ.

‘ನಮಗೆ?’

‘ನಿಮಗೂ, ನಿಮ್ಮ ಮಕ್ಕಳುಮರಿಗೂ.’

ಮೊದಲು ಕನ್ನಡದಲ್ಲೇ ಗಟ್ಟಿಯಾಗಿ ಓದಿದೆ, ನಿನ್ನ ಹಾಗೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ. ಆಮೇಲೆ ಅರ್ಥ ಹೇಳಿದೆ. ‘ಈ ಪದಗಳಿಗೆ ಬೆಲೆಯನ್ನು ನಾನು ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ಪಡೆದವನು ತನ್ನ ಹಿಂದೆ ಬರುವವನಿಗೆ ಬಾಗಿಲು ಹಾಕಕೂಡದೆಂಬ ಒಂದು ಮಾತಿನ ಮೇಲೆ ಇವನ್ನು ಕೊಡಲಾಗಿದೆ. ಆ ಮಾತಿನಿಂದ ನಿಮ್ಮನ್ನು ಬಿಡಿಸುವ ಅಧಿಕಾರವು, ಇವನ್ನು ಕೊಟ್ಟವನಾದ ನನಗೂ ಇಲ್ಲ.’ ವಕೀಲರು, ‘ಇದನ್ನು ತೆಗೆದುಹಾಕಿ ಬೇರೆಯವರ ಕೈಲಿ ಭಾಷಾಂತರ ಮಾಡಿಸಬಹುದು’ ಎಂದರು. ‘ಮಾಡಿಸಬಹುದು’ ಎಂದು ನಾನೂ ಒಪ್ಪಿಕೊಂಡೆ. ‘ಗುಂಡಿಗಳ ಚಿತ್ರವನ್ನೂ ಬರೆಸಬಹುದು, ಗದ್ದಲ ತೆಗೆಯುವುದನ್ನೂ ಬರೆಸಬಹುದು. ಅಷ್ಟರಲ್ಲಿ ನಾವು ನಾಲ್ಕು ಜನ ಈಗಿರುವ ಪ್ರತಿಯನ್ನೇ ತೆಗೆದುಕೊಂಡು, ಬೇರೆ ಹೆಸರಿಟ್ಟು, ಹೊರಗೆ ಮುಂದುವರಿಸಿರುತ್ತೇವೆ. ಪರವಾನಗಿ ನಮಗೂ ಅದನ್ನು ಕೊಟ್ಟಿದೆ, ಎಲ್ಲರಿಗೂ ಕೊಟ್ಟಿದೆ.’

ನಿನ್ನ ಗದ್ಯಕ್ಕೆ ಅವರು ಮನಸೋತರೆಂದು ಬರೆದು ನಿನ್ನನ್ನು ಉಬ್ಬಿಸಬಹುದು. ಆದರೆ ಅವರಿಗೆ ತಿಳಿದದ್ದು, ಬಳಸುವವರೂ ಬರೆಯುವವರೂ ಎದ್ದುಹೋದರೆ ತಾವು ಕೊಂಡದ್ದು ಬರೀ ಹಲಗೆ ಎಂಬುದು. ಆದರೂ ಹೊರಡುವಾಗ ಮುಖ್ಯಸ್ಥೆ ನಿನ್ನ ಕಾಗದದ ಒಂದು ಪ್ರತಿ ಇಟ್ಟುಕೊಂಡರು. ಆಶೀರ್ವಾದದ ಭಾಗಕ್ಕೆ ಕೆಳಗೆರೆ ಹಾಕಿದ್ದನ್ನು ನಾನೇ ನೋಡಿದೆ.

ಒಂದು ಮಾತು, ನಿನಗೆ ಗೊತ್ತೇ ಇರುತ್ತದೆಂದು ಇಷ್ಟು ದಿನ ಬರೆದಿರಲಿಲ್ಲ. ಎಲ್ಲರೂ ರುಜು ಹಾಕಿದ್ದರೂ ಬೀಗ ಬೀಳುತ್ತಿದ್ದದ್ದು ಮುಂದೆ ಬರುವ ಆವೃತ್ತಿಗಳಿಗೆ ಮಾತ್ರ. ಒಮ್ಮೆ ಬಿಟ್ಟುಕೊಟ್ಟದ್ದನ್ನು ವಾಪಸು ಕಿತ್ತುಕೊಳ್ಳಲು ಬರುವುದಿಲ್ಲ. ನಿಮ್ಮ ಕೋಣೆಯ ಯಂತ್ರದಲ್ಲಿರುವ ಪ್ರತಿ ಎಂದೆಂದಿಗೂ ನಿಮ್ಮದೇ.

ಕೊನೆಯ ಕಾಂಡ ಎಲ್ಲಿಯವರೆಗೆ ಬಂತು?

ತಂಗಿ


ಮೇ ೧೯

ಚಿರಂಜೀವಿ ತಂಗಿಗೆ,

ನಿನ್ನ ಕಾಗದವನ್ನು ಅತ್ತಿಗೆಗೆ ಒಮ್ಮೆ, ಮೇಷ್ಟ್ರಿಗೆ ಎರಡು ಸಲ, ದೇವರ ಮುಂದೆ ಒಮ್ಮೆ ಓದಿದೆ. ಅತ್ತಿಗೆ ‘ನಾನು ಆವತ್ತೇ ಹೇಳಿದ್ನಲ್ಲ’ ಎಂದಳು. ಅವಳು ಹೇಳಿದ್ದು ಬೇರೆಯೇ. ಆದರೆ ಈ ಸಂತೋಷದಲ್ಲಿ ಅದನ್ನು ಎತ್ತುವಷ್ಟು ಅವಿವೇಕಿ ನಾನಲ್ಲ. ಮೇಷ್ಟ್ರು ಹೆಡ್‌ಫೋನ್ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒರೆಸಿದ್ದು ಹೆಡ್‌ಫೋನನ್ನಲ್ಲ.

ಇನ್ನು ನಾನು ಬರೆಯದೆ ಮುಚ್ಚಿಟ್ಟದ್ದನ್ನು ಬರೆಯುತ್ತೇನೆ. ಕೊನೆಯ ಕಾಂಡ ಇದ್ದಲ್ಲಿಯೇ ಇದೆ. ‘ಯಥಾಪ್ರಕಾರ ನಡೆದಿದೆ’ ಎಂದದ್ದು ಕೋಪದ ಸುಳ್ಳು. ಕರಾರು ಬಂದ ದಿನದಿಂದ ಒಂದು ಪುಟವನ್ನೂ ಓದಿಲ್ಲ. ಯಾವ ಬೆಳಗ್ಗೆ ಯಂತ್ರ ತೆರೆದರೆ ಬೀಗ ಬಿದ್ದಿರುತ್ತದೋ, ಈವರೆಗಿನ ಓದೆಲ್ಲ ಅದರ ಹೊಟ್ಟೆಯಲ್ಲೇ ಉಳಿದುಹೋಗುತ್ತದೋ ಎಂಬ ದಿಗಿಲಿನಲ್ಲಿ ನಾವಿಬ್ಬರೂ ಒಂದು ಉಪಾಯ ಹೂಡಿದೆವು. ಗ್ರಂಥಾಲಯದ ಅಟ್ಟದಿಂದ ಹಳೆಯ ಟೇಪ್ ರೆಕಾರ್ಡರನ್ನು ಇಳಿಸಿ, ಗಣಕಯಂತ್ರದ ಸ್ಪೀಕರಿನ ಎದುರಿಗಿಟ್ಟು, ಪುರಾಣವನ್ನು ಮೊದಲಿನಿಂದ ಗಟ್ಟಿಯಾಗಿ ಹಾಕಿ ಟೇಪಿಗೆ ಇಳಿಸಿಕೊಳ್ಳತೊಡಗಿದೆವು. ಓದಲು ಎಷ್ಟು ಹೊತ್ತು ಹಿಡಿದಿತ್ತೋ ಇಳಿಸಲೂ ಅಷ್ಟೇ ಹೊತ್ತು. ಟೇಪು ತಿರುಗುವಷ್ಟು ಕಾಲವೂ ಉಸಿರು ಬಿಗಿಹಿಡಿದು ಕುಳಿತಿರಬೇಕು. ಆದರೂ ಋಷಿಯ ತಪಸ್ಸಿನ ನಡುವೆ ಮೇಷ್ಟ್ರು ಸೀನಿದ್ದಾರೆ. ಕಂಬಳಿಯನ್ನು ಒಗೆಯಲು ಹಾಕಿದ್ದ ದಿನ, ರಾಜನು ಪ್ರಾಣ ಬಿಡುತ್ತಿರುವಲ್ಲಿ, ಗ್ರಂಥಾಲಯದ ಗೋಡೆಗೆ ಅಂಟಿಕೊಂಡೇ ಇರುವ ನಮ್ಮ ಮನೆಯ ಹಿತ್ತಲಿನಿಂದ ನಿನ್ನ ಅತ್ತಿಗೆ ‘ರೀ, ಹಾಲು ಉಕ್ತಿದೆ, ಒಲೆ ಆರಿಸಿ!’ ಎಂದು ಕೂಗಿದ್ದು ಅಕ್ಷರಶಃ ದಾಖಲಾಗಿದೆ. ಮುಂದಿನದಕ್ಕಾಗಿ ಕಾಯುತ್ತಿದ್ದ ಕೇಳುಗರನ್ನು ಸುಮ್ಮನಿರಿಸಲು ಅಂಥ ಟೇಪುಗಳನ್ನೇ ಒಂದಿಷ್ಟು ಜನಕ್ಕೆ ಕಳಿಸಿಯೂಬಿಟ್ಟೆವು.

ನಮ್ಮಲ್ಲಿರುವ ಪ್ರತಿ ಎಂದೆಂದಿಗೂ ನಮ್ಮದೆಂದು ನೀನು ಫೆಬ್ರವರಿಯಲ್ಲಿ ಒಂದು ಸಾಲು ಬರೆದಿದ್ದರೆ!

ಅಣ್ಣ


ಮೇ ೩೦

ಅಣ್ಣ,

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮೆಟ್ಟಿಲ ಪಕ್ಕದ ಕೋಣೆಯಿಂದ ನನ್ನನ್ನು ಮತ್ತೆ ದೊಡ್ಡ ಕೋಣೆಗೆ ತಂದಿದ್ದಾರೆ. ನನ್ನ ನಗೆಗೆ ಅಲ್ಲಿದ್ದವರೆಲ್ಲರೂ ತಿರುಗಿ ನೋಡಿದರು.

ಆ ಸಾಲನ್ನು ನಾನು ಬರೆಯಬೇಕಾಗಿತ್ತು, ನಿಜ. ಅದು ಗುಟ್ಟಿನ ವಿಷಯವೂ ಆಗಿರಲಿಲ್ಲ. ಆದರೆ ಅಣ್ಣ, ಗುಂಡಿಗಳ ಹೆಸರನ್ನೆಲ್ಲ ಕನ್ನಡಕ್ಕೆ ತಂದವನು ನೀನು. ಎರಡನೆಯ ಸಾಲಿನ ಕೊನೆಯಲ್ಲಿ ‘ಹೊರತೆಗೆದು ಉಳಿಸು’ ಎಂದು ಒಂದಿದೆ. ನಿನ್ನದೇ ಪದ. ಅದನ್ನು ಒತ್ತಿದರೆ ಧ್ವನಿ ಬೇರೆ ಕಡತವಾಗಿ ಹೊರಗೆ ಬರುತ್ತದೆ, ಯಾವ ಯಂತ್ರದಲ್ಲಿ ಬೇಕಾದರೂ ನುಡಿಯುತ್ತದೆ. ಮೇಷ್ಟ್ರು ಇಷ್ಟು ಕಾಲ ಕೇಳುಗರಿಗೆ ಕಳಿಸುತ್ತಿದ್ದ ಪ್ರತಿಗಳನ್ನು ಹೇಗೆ ಮಾಡುತ್ತಿದ್ದರೆಂದು ಒಮ್ಮೆ ಅವರನ್ನೇ ಕೇಳಿದ್ದರೆ ಆಗುತ್ತಿತ್ತು!

ಅತ್ತಿಗೆಯ ಕೂಗಿರುವ ಟೇಪನ್ನು ಅಳಿಸಬೇಡ. ನನಗೆ ಬೇಕು.

ತಂಗಿ


ಜೂನ್ ೧೪

ಪ್ರೀತಿಯ ತಂಗಿಗೆ,

ಅಡುಗೆಯ ಪುಸ್ತಕವನ್ನು ಭಾಷಾಂತರಿಸಿದವನಿಗೆ ಒಲೆ ಹೊತ್ತಿಸಲು ಬರಬೇಕೆಂಬ ನಿಯಮವಿಲ್ಲ. ನಾನು ಒತ್ತುವುದು ನೀನು ಕಲಿಸಿದ ನಾಲ್ಕೇ ಗುಂಡಿಗಳನ್ನು. ಮೇಷ್ಟ್ರನ್ನು ಕೇಳಿದೆ. ‘ದಿನಾ ಒತ್ತೋ ಗುಂಡಿ ಸ್ವಾಮಿ ಅದು. ಆದ್ರೆ ಬೀಗ ಬಿದ್ರೆ ಹೊರಗೆ ತೆಗೆದದ್ದೂ ಸಾಯುತ್ತೆ ಅಂತ ನೀವೇ ಅಲ್ವಾ ಅಂದಿದ್ದು? ನೀವು ಓದಿ ಹೇಳಿದ ಮೇಲೆ ನಿಜ ಇರ್ಬೇಕು ಅಂತ ನಂಬಿದೆ’ ಎಂದರು. ನನ್ನ ಧ್ವನಿಯನ್ನು ಜನ ಅಷ್ಟು ನಂಬುವುದಾದರೆ ಇನ್ನು ಮೇಲೆ ನಾನು ತಿಳಿಯದ್ದನ್ನು ಸಣ್ಣ ದನಿಯಲ್ಲಿ ಹೇಳಬೇಕು.

ಸೋಮವಾರ ಕೊನೆಯ ಕಾಂಡವನ್ನು ಆರಂಭಿಸಿದೆವು. ಪ್ರಾರ್ಥನೆ ಮುಗಿಸಿ, ಮೈಕಿನ ಮುಂದೆ ಕುಳಿತು, ಮೊದಲ ವಾಕ್ಯವನ್ನು ಓದಿದೆ. ಯಂತ್ರ ನನ್ನ ಪದಗಳನ್ನು ಒಂದೊಂದಾಗಿ ಹೇಳುತ್ತಿತ್ತು, ಮೇಷ್ಟ್ರ ಬೆರಳು ಒಂದೊಂದನ್ನೇ ಒತ್ತುತ್ತಿತ್ತು.

ನಾವು ಟೇಪು ಕಳಿಸಿದವರಲ್ಲಿ ಒಬ್ಬ ಹಿರಿಯ ತಾಯಿಯಿಂದ ಉತ್ತರ ಬಂದಿದೆ. ಬೇರೆಯವರ ಕೈಯಿಂದ ಬರೆಸಿದ್ದಾರೆ. ರಾಜನ ಮರಣದ ಭಾಗ ಬಹಳ ಚೆನ್ನಾಗಿದೆಯಂತೆ, ಕೇಳಿ ಕಣ್ಣೀರು ಬಂತಂತೆ. ಒಂದೇ ಸಂದೇಹವಂತೆ: ‘ಆ ಮನೆಯಾಕೆ ಅಷ್ಟು ಕೂಗಿದರಲ್ಲ, ಹಾಲು ಉಳಿಯಿತೇ?’

ಉತ್ತರವನ್ನು ಅತ್ತಿಗೆಯೇ ಹೇಳಿ ಬರೆಸಿದಳು. ನಾನು ಬರೆದುಕೊಂಡು, ಗಟ್ಟಿಯಾಗಿ ಓದಿ ಅವಳಿಗೂ ಮೇಷ್ಟ್ರಿಗೂ ಕೇಳಿಸಿ, ಇಬ್ಬರೂ ಹೂಂ ಎಂದ ಮೇಲೆ ರುಜು ಹಾಕಿದೆ: ‘ಇವರು ಎದ್ದು ಬರೋದು ಸ್ವಲ್ಪ ತಡವಾಯ್ತು. ಒಂದಿಷ್ಟು ಚೆಲ್ಲಿತು. ಉಳಿದದ್ದೆಲ್ಲ ಉಳೀತು ತಾಯಿ.’

ನಿನ್ನ ಅಣ್ಣ